ಹಲೋ ಗುಲ್ಬರ್ಗಾ, ಇದು ಹೈದರಾಬಾದ್

ಹೈದರಾಬಾದಿಗೆ ತ್ರೀಜಿ ತಂದವಳು ನಮ್ಮ ಮೌಶಿ. ಮೊಬೈಲ್ ಕಂಪನಿಯವರು ತಾವೇ ತಂದೆವೆಂದು ಊರ ತುಂಬ ಬೋರ್ಡು ಹಾಕಿಕೊಂಡಿದ್ದರು. ನಂಬಬೇಡಿ! ಅವರು ಟವರ್ ನಿಲ್ಲಿಸಿದರು, ಅಷ್ಟೇ.

ಅದನ್ನು ನಾವು ಮೊದಲು ಕಾಣುವ ಹಿಂದಿನ ದಿನ ನನಗೆ ಚೆನ್ನಾಗಿ ನೆನಪಿದೆ. ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಗಲ್ಲಿಯ ನಮ್ಮ ಬಾಡಿಗೆ ಮನೆಯಲ್ಲಿ ನಾನು ಹೊಲಿಗೆ ಯಂತ್ರದ ಮುಂದೆ ಕೂತಿದ್ದೆ. ಮೌಶಿ ಅಡಿಗೆಮನೆಯಲ್ಲಿ ಕಾಲು ಚಾಚಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಮಧ್ಯಾಹ್ನವಿಡೀ ಅಲುಗಾಡಲಿಲ್ಲ. ಆಮೇಲೆ ಅವಳು ಹಾಗೆ ಒಂದೇ ಕಡೆ ಕೂತದ್ದು ಒಂದೇ ಒಂದು ಸಲ. ಅದನ್ನು ಕೊನೆಗೆ ಹೇಳುತ್ತೇನೆ.

ಮೌಶಿ ನನ್ನ ತಾಯಿಯ ತಂಗಿ. ಮದುವೆಯಾಗಲಿಲ್ಲ. ತಾಯಿ ಹೋದ ಮೇಲೆ ನನ್ನನ್ನು ಬೆಳೆಸಿದವಳು, ನನ್ನ ಮದುವೆಯಾದ ಮೇಲೂ ನಮ್ಮ ಜೊತೆಗೇ ಇದ್ದವಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರಿಂದೂರಿಗೆ ಟ್ರಂಕ್ ಕಾಲ್ ಜೋಡಿಸುವ ಆಪರೇಟರ್ ಆಗಿದ್ದಳು. ನೌಕರಿಯಿಂದ ನಿವೃತ್ತಿ ಸಿಕ್ಕಿತು, ಅಭ್ಯಾಸದಿಂದ ಸಿಗಲಿಲ್ಲ. ಮನೆಯಲ್ಲಿ ಯಾರ ಫೋನು ಬಾರಿಸಿದರೂ ಮೊದಲು ಎತ್ತುವವಳು ಅವಳೇ. "ಲೈನ್ ಮ್ಯಾಲ ಇರ್ರಿ" ಎಂದು ಅವರಿಗೆ ಹೇಳಿ, ಫೋನನ್ನು ನಮ್ಮ ಕಿವಿಗೆ ತಾನೇ ಹಿಡಿದು, "ಎರಡೂ ಕಡೆ ಕೇಳಾಕತ್ತೈತೇನು?" ಎಂದು ಕೇಳುವಳು. ಇಬ್ಬರೂ ಹೌದೆಂದ ಮೇಲೆಯೇ "ಮಾತಾಡ್ರಿ" ಎಂದು ಅಪ್ಪಣೆ ಕೊಡುವಳು. ಅಷ್ಟಕ್ಕೇ ಮುಗಿಯಿತೇ? ಟ್ರಂಕ್ ಕಾಲಿನ ಲೆಕ್ಕದಂತೆ ಮೂರು ನಿಮಿಷಕ್ಕೆ ಮತ್ತೆ ಬಂದು, "ಟೈಮ್ ಆತು. ಮುಂದುವರಿಸೋದೇನು?"

ನಮ್ಮ ಮನೆಯವರ ಕಚೇರಿಯ ಸಾಹೇಬರು ಒಮ್ಮೆ ಕೇಳಿದರಂತೆ: "ಏನ್ರೀ, ಮನೆಯಲ್ಲಿ ಸೆಕ್ರೆಟರಿ ಇಟ್ಟುಕೊಂಡಿದ್ದೀರಾ?"

ಇನ್ನು ಗುಲ್ಬರ್ಗಾದ ವಿಷಯ. ಆಗಿನ ಕಾಲದಲ್ಲಿ ಆಪರೇಟರುಗಳು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ಗುಲ್ಬರ್ಗಾ ಎಕ್ಸ್‌ಚೇಂಜಿನಲ್ಲಿ ಕೂತ ಒಬ್ಬ ಹೆಣ್ಣುಮಗಳಿಗೂ ನಮ್ಮ ಮೌಶಿಗೂ ಲೈನಿನ ಮೇಲೆಯೇ ಗೆಳೆತನವಾಯಿತು. ನೌಕರಿ ಮುಗಿದ ಮೇಲೂ ಭಾನುವಾರ ಭಾನುವಾರ ಮಾತು ನಡೆಯುತ್ತಿತ್ತು. ಅವಳು "ಹಲೋ ಹೈದರಾಬಾದ್" ಎನ್ನುವಳು, ಇವಳು "ಹಲೋ ಗುಲ್ಬರ್ಗಾ" ಎನ್ನುವಳು. "ಗುಲ್ಬರ್ಗಾಕ್ಕ ಜ್ವರ ಬಂದೈತಿ, ಕಷಾಯ ಕುಡೀವಲ್ಲದು" ಎಂದು ಮೌಶಿ ಗಲ್ಲಿಯಲ್ಲಿ ಹೇಳಿಕೊಂಡು ಬಂದಾಗ ಪಕ್ಕದ ಮನೆಯವರು ಇಡೀ ಜಿಲ್ಲೆಗೆ ರೋಗ ಬಂತೆಂದು ತಿಳಿದು ತಮ್ಮ ತವರಿಗೆ ಫೋನು ಹಚ್ಚಿದ್ದರು!

ಇಷ್ಟು ವರ್ಷದ ಗೆಳತಿಯರು ಒಬ್ಬರ ಮುಖವನ್ನೊಬ್ಬರು ನೋಡಿರಲಿಲ್ಲ ಎಂದರೆ ನಂಬುತ್ತೀರಾ? ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಗುಲ್ಬರ್ಗಾ. ಆದರೆ ಹತ್ತುವವರು ಯಾರು? ಮೊದಲ ಸಲ ಫೋನು ಮಾಡಿದವಳು ಯಾರೋ ಅವಳೇ ಮೊದಲು ಮನೆಗೆ ಬರಬೇಕು ಎಂದು ಇಬ್ಬರೂ ಯಾವಾಗಲೋ ಒಪ್ಪಿಕೊಂಡಿದ್ದರು. ಮೊದಲು ಮಾಡಿದವಳು ನೀನೇ ಎಂದು ಇಬ್ಬರೂ ಹಟ ಹಿಡಿದಿದ್ದರು.

"ನೀ ಮಾಡಿದ್ದೀ."

"ಸುಳ್ಳು ಹೇಳಬ್ಯಾಡ, ಬೀದರಿನ ಕಾಲ್ ಒಂದು ಕೇಳಾಕ ನೀನs ಮಾಡಿದ್ದೀ."

"ಬೀದರಿನ ಕಾಲ್‌ಗೆ ನಿನ್ನ ಯಾಕ ಕೇಳ್ಲಿ? ನನಗೇನ ಹುಚ್ಚೇನು?"

"ಅದನ್ನ ನಾ ಹೆಂಗ ಹೇಳ್ಲಿ? ನಾ ನಿನ್ನ ನೋಡಿಲ್ಲಲಾ!"

ಈಗ ನುಮಾಯಿಶಿಗೆ, ಅಂದರೆ ಹೈದರಾಬಾದಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ವಸ್ತುಪ್ರದರ್ಶನಕ್ಕೆ ಬರೋಣ. ಹುಣಸೆಹಣ್ಣು ಬಿಡಿಸಿದ ಮರುದಿನ ನಾವು ಮೂವರೂ ಅಲ್ಲಿಗೆ ಹೋದೆವು. ಅಲ್ಲಿ ಮೊಬೈಲ್ ಕಂಪನಿಯ ಮಳಿಗೆಯಲ್ಲಿ ಹೊಸ ನೆಟ್‌ವರ್ಕಿನ ಪ್ರದರ್ಶನ ನಡೆದಿತ್ತು. ಒಂದು ಮೂಲೆಯಲ್ಲಿ ನಿಂತವನ ಮುಖ ಇನ್ನೊಂದು ಮೂಲೆಯ ಫೋನಿನಲ್ಲಿ ಕಾಣುತ್ತಿತ್ತು. ಎಲ್ಲರೂ ಬಾಯಿ ತೆರೆದು ನೋಡುತ್ತಿದ್ದರು. ಮೌಶಿ ಮಾತ್ರ, "ಇಲ್ಲೇ ನಿಂತವನ್ನ ನೋಡಾಕ ಫೋನ್ ಯಾಕ ಬೇಕಪಾ? ಕುತ್ತಿಗಿ ಹೊಳ್ಳಿಸಿದ್ರ ಕಾಣ್ತಾನ" ಎಂದಳು. ಎರಡು ಹೆಜ್ಜೆ ಮುಂದೆ ಹೋದವಳು ಗಕ್ಕನೆ ನಿಂತಳು. ತಿರುಗಿ ಬಂದು ಕೇಳಿದಳು: "ಗುಲ್ಬರ್ಗಾ ಕಾಣ್ತೈತೇನು?"

ನನಗೆ ಆಗಲೇ ಹೊಳೆಯಿತು. ಯಾರೂ ರೈಲು ಹತ್ತಬೇಕಾಗಿಲ್ಲ, ಯಾರೂ ಸೋಲಬೇಕಾಗಿಲ್ಲ, ಇಬ್ಬರೂ ಒಂದೇ ಗಳಿಗೆಯಲ್ಲಿ ಒಬ್ಬರನ್ನೊಬ್ಬರು ನೋಡಬಹುದು! ನಮ್ಮ ಮನೆಯವರು ಅವಳಿಗೆ ಆ ಫೋನು ಕೊಡಿಸಿದರು. ಅತ್ತ ಗುಲ್ಬರ್ಗಾದವಳಿಗೆ ಅವಳ ಅಳಿಯನೂ ಒಂದು ಕೊಡಿಸಿದ.

ಫೋನು ಬಂತು, ನೆಟ್‌ವರ್ಕ್ ಬರಲಿಲ್ಲ. ಸಾಫ್ಟ್‌ವೇರಿನವರು ಇರುವ ಗಚ್ಚಿಬೌಲಿಯಲ್ಲಿ ತ್ರೀಜಿ ತುಂಬಿ ಹರಿಯುತ್ತಿತ್ತು, ನಮ್ಮ ಗಲ್ಲಿಗೆ ಹನಿಯೂ ಇಲ್ಲ. ಮೌಶಿ ಡಬ್ಬಿ ಕಟ್ಟಿಕೊಂಡು ಬಸ್ಸು ಹತ್ತಿ, ಅಲ್ಲಿಯ ದೊಡ್ಡದೊಂದು ಕಂಪನಿಯ ಗೇಟಿನ ಎದುರಿನ ಕಟ್ಟೆಯ ಮೇಲೆ ಫೋನು ಎತ್ತಿ ಹಿಡಿದು ನಿಂತಳು. ಕಾವಲುಗಾರ ಬಂದು ತೆಲುಗಿನಲ್ಲಿ ಯಾರು ಬೇಕೆಂದು ಕೇಳಿದ: "ಎವರು ಕಾವಾಲಮ್ಮಾ?"

"ಗುಲ್ಬರ್ಗಾ ಕಾವಾಲಿ."

ಪಾಪ, ಅವನು ಅವಳ ಕೈಚೀಲ ಹೊತ್ತುಕೊಂಡು ಬಸ್ ಸ್ಟಾಪಿನ ತನಕ ಬಿಟ್ಟು ಹೋದ!

ಆ ದಿನ ಗುಲ್ಬರ್ಗಾ ಕಾಣಲಿಲ್ಲ. ಅಲ್ಲಿ ಹೊಸ ನೆಟ್‌ವರ್ಕ್ ಇನ್ನೂ ಶುರುವೇ ಆಗಿರಲಿಲ್ಲ. ಮೌಶಿ ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಕಸ್ಟಮರ್ ಕೇರಿಗೆ ಫೋನು ಮಾಡತೊಡಗಿದಳು. ದೂರು ಒಂದು ಮಾತು, ಪಾಠ ಹತ್ತು ಮಾತು. "ಲೈನ್ ಮ್ಯಾಲ ಇರ್ರಿ ಅಂತ ಹೇಳಿ ಹಾಡು ಹಚ್ಚಿ ಹೋಗ್ತೀಯಲ್ಲ ತಂಗೀ, ನಮ್ಮ ಕಾಲಕ್ಕ ಹಂಗ ಮಾಡಿದ್ರ ಮೆಮೋ ಕೊಡ್ತಿದ್ರು." ಕೊನೆಕೊನೆಗೆ ಅಲ್ಲಿಯ ಹುಡುಗಿಯೊಬ್ಬಳು ತನ್ನ ಮದುವೆಗೆ ಮೌಶಿಯನ್ನು ಕರೆದಳು.

ಅಂತೂ ಎದುರಿನ ಲಾಡ್ಜಿನ ಮಾಳಿಗೆಯ ಮೇಲೆ ಟವರ್ ಎದ್ದಿತು. ಅದಕ್ಕೆ ತನ್ನ ದೂರೇ ಕಾರಣವೆಂದು ಮೌಶಿ, ಅಲ್ಲವೆನ್ನಲು ನಮಗಾರಿಗೂ ಧೈರ್ಯವಿಲ್ಲ. ಆದರೆ ಹೊಸತರಲ್ಲಿ ಅದರ ನಡತೆ ನೋಡಬೇಕಿತ್ತು! ಪಡಸಾಲೆಯಲ್ಲಿ ತ್ರೀಜಿ, ಅಡಿಗೆಮನೆಗೆ ಕಾಲಿಟ್ಟರೆ ಫೋನು ಹಳೆಯ ನೆಟ್‌ವರ್ಕಿಗೆ ಜಿಗಿದು ಮಾತು ಕಡಿಯುತ್ತಿತ್ತು. ಮೌಶಿ ಹುಡುಕಿ ಹುಡುಕಿ ಆ ಗಡಿಯನ್ನು ಕಂಡುಹಿಡಿದು ರಂಗೋಲಿ ಹಿಟ್ಟಿನಿಂದ ನೆಲದ ಮೇಲೆ ಗೆರೆ ಎಳೆದಳು. "ಈಚೀಗೆ ಹೊಸಾದು, ಆಚೀಗೆ ಹಳೇದು. ಅಳಿಯಂದ್ರ, ಫೋನ್ ಹಿಡ್ಕೊಂಡು ದಾಟಬ್ಯಾಡ್ರಿ." ಟವರ್ ತನ್ನ ಮನಸ್ಸು ಬದಲಿಸಿದಾಗಲೆಲ್ಲ ಗೆರೆಯೂ ಸರಿಯುತ್ತಿತ್ತು. ಒಂದು ವಾರ ನನ್ನ ಹೊಲಿಗೆ ಯಂತ್ರ ಹೊಸದರಲ್ಲೂ ಅದರ ಸ್ಟೂಲು ಹಳೆಯದರಲ್ಲೂ ಇದ್ದವು.

ಬಟ್ಟೆ ಹೊಲಿಸಲು ಬಂದ ಹೆಂಗಸರು ಇದೇನು ವ್ರತವೆಂದು ಕೇಳುತ್ತಿದ್ದರು. ನಾನು ತಲೆ ಎತ್ತಿ ಹೇಳುತ್ತಿದ್ದೆ: "ನಮ್ಮ ಮೌಶಿ ನೆಟ್‌ವರ್ಕ್ ನೋಡ್ಕೋತಾಳ್ರಿ." ಹತ್ತನೆಯ ತರಗತಿ ದಾಟದವಳು ನಾನು, ಆ ಮಾತು ಹೇಳುವಾಗ ಕಲೆಕ್ಟರನ ಮಗಳಂತೆ ಅನಿಸುತ್ತಿತ್ತು.

ಕೊನೆಗೆ ಗುಲ್ಬರ್ಗಾದಲ್ಲೂ ಶುರುವಾಯಿತು. ಆ ಭಾನುವಾರ ಮೌಶಿ ತಲೆಗೆ ಎಣ್ಣೆ ಹಚ್ಚಿ ಬಾಚಿ, ಇಳಕಲ್ ಸೀರೆಯುಟ್ಟು, ಗೆರೆಯ ಈಚೆ ನಿಂತಳು. ಫೋನು ಬಾರಿಸಿತು. ಮೌಶಿ ಒತ್ತಿದಳು. ಒತ್ತಿ, ಜೀವಮಾನದ ಅಭ್ಯಾಸ ನೋಡಿ, ಸೀದಾ ಕಿವಿಗೆ ಹಿಡಿದಳು!

"ಮೌಶೀ, ಕಣ್ಣ ಮುಂದ ಹಿಡಿ!" ನಾನು ಕೂಗಿದೆ.

ಕಣ್ಣ ಮುಂದೆ ಹಿಡಿದರೆ ಪರದೆಯ ತುಂಬ ಒಂದು ಕಿವಿ. ಆ ಕಡೆಯವಳೂ ಆಪರೇಟರೇ ಅಲ್ಲವೇ? ಕಿವಿಯ ಮೇಲ್ತುದಿಯಲ್ಲಿ ಒಂದು ಮುತ್ತು ಉದುರಿಹೋದ ಬುಗುಡಿ. "ಗುಲ್ಬರ್ಗಾ, ಕಿವಿಯಿಂದ ತಗಿ!" ಎಂದು ಮೌಶಿ ಒದರಿದಳು. ಆಕೆ ಏನಂದಳೋ ಕೇಳಲಿಲ್ಲವೆಂದು ಮೌಶಿ ಮತ್ತೆ ಕಿವಿಗೆ ಹಿಡಿದಳು. ಅಷ್ಟರಲ್ಲಿ ಆಕೆ ತೆಗೆದು ನೋಡಿದಳು, ಆಕೆಗೆ ಕಂಡದ್ದು ಮೌಶಿಯ ಕಿವಿ. ಒಬ್ಬಳು ನೋಡುವಾಗ ಇನ್ನೊಬ್ಬಳು ಕೇಳುತ್ತಿದ್ದಳು. ನಾನು ನಕ್ಕು ನಕ್ಕು ಗೋಡೆ ಹಿಡಿದೆ. ಲೈನು ಕಡಿಯಿತು.

ಮತ್ತೆ ಹತ್ತಲಿಲ್ಲ. ಸಂಜೆ ಹಳೆಯ ಫೋನಿನಲ್ಲೇ ಮಾತಾಯಿತು. "ಬುಗುಡಿ ಮುತ್ತು ಪೋಣಿಸ್ಕೊಳ್ಳವಾ, ಮಂದಿ ಏನಂದಾರು?" ಎಂದಳು ಮೌಶಿ. ಮುಂದಿನ ಭಾನುವಾರ ಮುಖ ಎಂದು ತೀರ್ಮಾನವಾಯಿತು.

ಶುಕ್ರವಾರ ಬೆಳಿಗ್ಗೆ ಮೌಶಿ ಗೆರೆಯನ್ನು ಹೊಸದಾಗಿ ಎಳೆದು, ರಂಗೋಲಿ ಬಟ್ಟಲು ಕೈಯಲ್ಲಿ ಹಿಡಿದೇ ಗೋಡೆಗೆ ಒರಗಿ ಕೂತಳು. ಚಹಾ ಆರಿತು, ಕರೆದೆ, ಏಳಲಿಲ್ಲ.

ಗುಲ್ಬರ್ಗಾಕ್ಕೆ ನಾನೇ ಫೋನು ಮಾಡಿ ಹೇಳಿದೆ.

ಭಾನುವಾರ ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಮುಖ ಗುರುತಿರಲಿಲ್ಲ. ಕಿವಿಯ ಮೇಲಿನ ಬುಗುಡಿ ನೋಡಿದೆ. ಮುತ್ತು ಪೋಣಿಸಿಕೊಂಡಿದ್ದಳು.

ಒಳಗೆ ಬಂದು, ಗೆರೆಯನ್ನು ತುಳಿಯದೆ ದಾಟಿ, ಗೋಡೆಗೆ ಆನಿಸಿದ್ದ ಮೌಶಿಯ ಫೋಟೋದ ಮುಂದೆ ನಿಂತಳು. ಆಮೇಲೆ, ನನಗಲ್ಲ, ಫೋಟೋಕ್ಕೆ ಹೇಳಿದಳು:

"ಮೊದ್ಲ ಫೋನ್ ಮಾಡಿದಾಕಿ ನಾನs ಇದ್ದೆ. ಅದಕ್ಕ ಬಂದೀನಿ, ಹೈದರಾಬಾದ್."

ಈಗ ನಮ್ಮ ಮನೆಯಲ್ಲಿ ಎಲ್ಲಿ ನಿಂತರೂ ಸಿಗ್ನಲ್ ಪೂರ್ತಿ ಬರುತ್ತದೆ. ಅಡಿಗೆಮನೆಯಲ್ಲೂ ಬರುತ್ತದೆ. ಎರಡೂ ಕಡೆ ಕೇಳಾಕತ್ತೈತೇನು ಎಂದು ಕೇಳುವವರು ಇಲ್ಲ.