ಜೋಳದ ಹೊಲದಲ್ಲಿ ಇಂಗ್ಲಿಷ್ ಪಾಠ

"ಶನಿವಾರದೊಳಗೆ ನನ್ನ ಆರನೇ ಕ್ಲಾಸಿನ ಮಕ್ಕಳು ಪಟಪಟ ಅಂತ ಇಂಗ್ಲಿಷ್ ವಾಕ್ಯ ಉದುರಿಸದೇ ಹೋದರೆ ಈ ಮೀಸೆ ಬೋಳಿಸ್ತೀನಿ!"

ಚಲುವರಾಜು ಮೇಷ್ಟ್ರು ಊಟದ ತಟ್ಟೆಯ ಮುಂದೆ ಕೂತು ಹೀಗೊಂದು ಭೀಷ್ಮಪ್ರತಿಜ್ಞೆ ಮಾಡಿದರು. ಪಕ್ಕದಲ್ಲಿ ಮುದ್ದೆ ಮುರಿಯುತ್ತಿದ್ದ ಅವರಪ್ಪ ದೊಡ್ಡಬೀರಯ್ಯ, "ಅದ್ ಆಮೇಲ್ ಬೋಳ್ಸುವಂತೆ, ಮೊದ್ಲು ಸಾರ್ನಿಂದ ಎತ್ಕಳ್ಲಾ" ಎಂದರು. ಹೆಂಡತಿ ಬೃಂದಾ ಮಾತ್ರ ತುಟಿ ಬಿಚ್ಚಲಿಲ್ಲ. ಚುಂಚನಕಟ್ಟೆಯಲ್ಲಿ ತಂಗಿಯ ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಗಂಡ ಬರದೆ, ತಾನೊಬ್ಬಳೇ ಹೋಗಿ ಬಂದ ದಿನದಿಂದ ಆಕೆ ಮೌನವ್ರತ ಹಿಡಿದಿದ್ದಳು. ಆ ಭಾನುವಾರ ಹುಣಸೂರಿನಲ್ಲಿ ಇಂಗ್ಲಿಷ್ ತರಬೇತಿ ಇತ್ತೆಂದು ಮೇಷ್ಟ್ರು ಆಣೆ ಇಟ್ಟು ಹೇಳಿದರೂ ವ್ರತ ಮುರಿದಿರಲಿಲ್ಲ. ಬಡಿಸುವಾಗ ಸೌಟು ತಟ್ಟೆಗೆ ಕುಟ್ಟುವ ಸದ್ದೇ ಅವಳ ಮಾತು!

ಪ್ರತಿಜ್ಞೆಗೆ ಕಾರಣ ಒಂದು ಹಳದಿ ವ್ಯಾನು. ವೀರನಹೊಸಹಳ್ಳಿಯ ಆಚೆ, ಕಾಡಿಗೆ ಬೆನ್ನು ಕೊಟ್ಟು ಕೂತಿದ್ದ ಮೇಷ್ಟ್ರ ಊರಿನವರೆಗೂ ಕಾನ್ವೆಂಟಿನ ವ್ಯಾನು ಬಂದು ಹಾರನ್ ಹೊಡೆದು ಹೋಗಿತ್ತು. ಹೊಗೆಸೊಪ್ಪು ಬೆಳೆಯುವ ಕಿರಣ್‌ಕುಮಾರ್ ಊರಿನ ಪೋಷಕರಿಗೆಲ್ಲ ಮುಂದಾಳು. ಅವನು ಶಾಲೆಗೇ ಬಂದು ಖಡಾಖಂಡಿತವಾಗಿ ಹೇಳಿದ್ದ: "ಶನಿವಾರದ್ ಸಭೇಲಿ ನಮ್ ಐಕ್ಳು ಇಂಗ್ಲಿಷ್ ಮಾತಾಡುದ್ರೆ ಸರಿ ಸಾ. ಇಲ್ದಿದ್ರೆ ಟೀಸಿ ಕೊಟ್ಬುಡಿ, ಸೋಮವಾರ ವ್ಯಾನ್ ಹತ್ತುಸ್ತೀವಿ." ಇದ್ದ ಹಿಡಿಯಷ್ಟು ಮಕ್ಕಳೂ ಹೋದರೆ ಶಾಲೆಗೆ ಬೀಗ. ಮೇಷ್ಟ್ರಿಗೆ ಎಚ್.ಡಿ. ಕೋಟೆಯ ಯಾವುದೋ ಮೂಲೆಗೆ ವರ್ಗ. ವರ್ಗವಾದರೆ ಆಗಲಿ, ಆದರೆ ತಾವು ಅಆಇಈ ಕಲಿತ ಶಾಲೆಯ ಬಾಗಿಲನ್ನು ತಾವೇ ಮುಚ್ಚಬೇಕೆ?

ಪಾಠವೇನೋ ಜೋರಾಗಿಯೇ ನಡೆದಿತ್ತು. "ನೋಡ್ರಪ್ಪ, ಕ್ರಿಯಾಪದದ ಏಟು ಯಾರ ಮೇಲೆ ಬೀಳ್ತದೋ ಅವನೇ ಆಬ್ಜೆಕ್ಟು. ತಿಮ್ಮಮ್ಮ ಕೋಳಿ ಹಿಡಿದಳು. ಏಟು ಯಾರಿಗೆ?"

"ಕೋಳೀಗೆ ಸಾ!"

"ಕೋಳಿ ಆಬ್ಜೆಕ್ಟು! ಈಗ, ಕೋಳಿ ಕಂಗಾಲು. ಇಲ್ಲಿ ಯಾರೂ ಯಾರಿಗೂ ಏನೂ ಮಾಡ್ಲಿಲ್ಲ, ಕೋಳಿ ಹೆಂಗಿದೆ ಅಂತ ಹೇಳಿದ್ವಿ ಅಷ್ಟೇ. ಕಂಗಾಲು ಅನ್ನೋದು ಕಾಂಪ್ಲಿಮೆಂಟು!"

ಅನು ಎಂಬ ಹುಡುಗಿ ಎದ್ದು ನಿಂತಳು. "ಸಾ, ಕೋಳಿ ಸಾರಾಯ್ತು ಅಂದ್ರೆ?"

"ಸಾರೂ ಕಾಂಪ್ಲಿಮೆಂಟೇ ಕಣಮ್ಮ, ಕೂತ್ಕೋ."

ಕನ್ನಡದಲ್ಲಿ ಎಲ್ಲ ಅರ್ಥವಾಗುತ್ತಿತ್ತು. ಇಂಗ್ಲಿಷಿಗೆ ಬಂದರೆ ಇವತ್ತು ಕಲಿತದ್ದು ನಾಳೆ ಮಂಗಮಾಯ! ಆಗ ಮೇಷ್ಟ್ರಿಗೆ ಹೊಳೆದದ್ದೇ ಶಾಲೆಯ ಕೈಮೈಕು. ಒಮ್ಮೆ ಮಾತು ತುಂಬಿಸಿ ಗುಂಡಿ ಒತ್ತಿದರೆ ಬ್ಯಾಟರಿ ಸಾಯುವವರೆಗೂ ಅದನ್ನೇ ಒದರುವ ಯಂತ್ರ. ಆಷಾಢದ ಗಾಳಿಗೆ ಮನೆಯ ಕಿಟಕಿ ಬಾಗಿಲೆಲ್ಲ ಬಡಿಯುತ್ತಿದ್ದುದರಿಂದ ಮೇಷ್ಟ್ರು ತಲೆತುಂಬ ಕಂಬಳಿ ಹೊದ್ದು, ಒಳಗೇ ಕೂತು ವಾಕ್ಯಗಳನ್ನು ತುಂಬಿಸಿದರು. ದನಿ ಹಾಳುಬಾವಿಯೊಳಗಿಂದ ಬಂದಂತಿತ್ತು. ಒಂದೊಂದು ವಾಕ್ಯಕ್ಕೂ ಮಕ್ಕಳು ತಿರುಗಿ ಹೇಳಲೆಂದು ನಡುವೆ ಮೌನ ಬಿಟ್ಟರು. "ಎಲ್ಲೇ ಇರಿ, ಏನೇ ಮಾಡ್ತಿರಿ, ಈ ದನಿ ಕೇಳಿದ್ರೆ ತಿರುಗಿ ಹೇಳಲೇಬೇಕು!" ಎಂದು ಕ್ಲಾಸಿನಲ್ಲಿ ಕಟ್ಟಪ್ಪಣೆಯಾಯಿತು. ಶುಕ್ರವಾರ ಶಾಲೆ ಬಿಟ್ಟಾಗ ಮೈಕನ್ನು ಬೀರುವಿನಲ್ಲಿಟ್ಟು ಬೀಗ ಜಡಿದು, ಸಭೆಗೆ ಬಿಸ್ಕತ್ತು ತರಲು ಬೈಕಿನಲ್ಲಿ ಹುಣಸೂರಿಗೆ ಹೋದರು.

ಹಿಂದಿರುಗುವಾಗ ಮುಸ್ಸಂಜೆ. ಕಾಡಿನ ಕಡೆಯಿಂದ ಮಂಜು ಇಳಿದು ರಸ್ತೆಯನ್ನು ನುಂಗಿತ್ತು. ತಮ್ಮ ಹೊಲದ ತಿರುವಿನಲ್ಲಿ ಬೈಕು ಕೆಸರಿಗೆ ಜಾರಿತು. ಬೈಕೊಂದು ಕಡೆ, ಬಿಸ್ಕತ್ತೊಂದು ಕಡೆ, ಮೇಷ್ಟ್ರು ಚರಂಡಿಯಲ್ಲಿ! ಎದ್ದು ಮೈಮುಟ್ಟಿ ನೋಡಿಕೊಂಡರು. ಒಂದು ಗೀರಿಲ್ಲ, ಒಂಚೂರು ನೋವಿಲ್ಲ. "ಸದ್ಯ, ಬದುಕಿದೆ" ಎನ್ನುವಷ್ಟರಲ್ಲಿ, ಆಳೆತ್ತರದ ಜೋಳದ ಹೊಲದೊಳಗಿಂದ ಯಾರೋ ಮಾತಾಡಿದರು.

"ಐ ಸೀ ಎ ಮ್ಯಾನ್."

ಒಬ್ಬ ಮನುಷ್ಯ ಕಾಣುತ್ತಿದ್ದಾನಂತೆ! ಮೇಷ್ಟ್ರು ಹಿಂದೆ ಮುಂದೆ ನೋಡಿದರು. ರಸ್ತೆಯಲ್ಲಿ ಅವರಲ್ಲದೆ ನರಪಿಳ್ಳೆ ಇಲ್ಲ. ಗಾಳಿ ನಿಂತಿತು. ಮಂಜಿನಾಚೆ, ಕೆರೆಯ ದಿಕ್ಕಿನಿಂದ, ಮಕ್ಕಳ ಸಣ್ಣ ದನಿಗಳು ಒಟ್ಟಾಗಿ ಉತ್ತರ ಕೊಟ್ಟವು: "ಐ ಸೀ ಎ ಮ್ಯಾನ್..."

"ದಿ ಮ್ಯಾನ್ ಈಸ್ ಅಲೋನ್" ಎಂದಿತು ಹೊಲ. ಆ ಮನುಷ್ಯ ಒಂಟಿಯಂತೆ! "ಅಲೋನ್..." ಎಂದವು ಮಕ್ಕಳು.

ಮೇಷ್ಟ್ರ ಮೈಮೇಲಿನ ರೋಮವೆಲ್ಲ ಎದ್ದು ನಿಂತಿತು. ವಾಕ್ಯ ತಮ್ಮದೇ. ದನಿಯೂ ತಮ್ಮದೇ! ತಮ್ಮ ಬಾಯಿ ಇಲ್ಲಿ ರಸ್ತೆಯಲ್ಲಿ ಮುಚ್ಚಿಕೊಂಡಿದೆ, ತಮ್ಮ ದನಿ ಅಲ್ಲಿ ಹೊಲದಲ್ಲಿ ಪಾಠ ಮಾಡುತ್ತಿದೆ. ಮೈಕಿಗೆ ತಾವೇ ಬೀಗ ಹಾಕಿದ್ದಾರೆ. ಹಾಗಾದರೆ? ಬಿದ್ದರೂ ನೋವಾಗಲಿಲ್ಲ, ಏಕೆ ನೋವಾಗಲಿಲ್ಲ? ಶಿವ ಶಿವಾ! ಚರಂಡಿಯಲ್ಲಿ ಎದ್ದವನು ಯಾರು, ಎದ್ದೇಳದೆ ಉಳಿದವನು ಯಾರು?

ಅಷ್ಟರಲ್ಲಿ ಹುಲ್ಲಿನ ಹೊರೆ ಹೊತ್ತು ಚಿಕ್ಕಸಿದ್ದಮ್ಮ ಮಂಜಿನಿಂದ ಹೊರಬಂದಳು. ಬಿದ್ದ ಬೈಕು ನೋಡಿದಳು. ಹೊಲದಲ್ಲಿ ಮೇಷ್ಟ್ರ ದನಿ ಕೇಳಿದಳು. ಎದುರಿಗೆ ಕೆಸರು ಮೆತ್ತಿಕೊಂಡು ನಿಂತಿದ್ದ ಮೇಷ್ಟ್ರನ್ನೂ ನೋಡಿದಳು.

"ಚಿಕ್ಕಸಿದ್ದಮ್ಮ, ನಾನ್ ಕಾಣ್ತಾ ಇದೀನೇನಮ್ಮ?" ಎಂದು ಮೇಷ್ಟ್ರು ದೈನ್ಯದಿಂದ ಕೇಳಿದರು.

ಬದುಕಿರುವ ಯಾವನಾದರೂ ಹೀಗೆ ಕೇಳುತ್ತಾನೆಯೇ? "ಅಯ್ಯಯ್ಯಪ್ಪೋ! ಮೇಷ್ಟ್ರು ಓಗ್ಬುಟ್ರಲ್ಲಪ್ಪೋ!" ಎಂದು ಹೊರೆ ಎಸೆದು ಆಕೆ ಊರಿನ ಕಡೆ ಓಟ ಕಿತ್ತಳು. ಮೇಷ್ಟ್ರಿಗೆ ಉಳಿದಿದ್ದ ಚೂರು ಅನುಮಾನವೂ ಅಲ್ಲಿಗೆ ತೀರಿತು.

ಮನೆಯಲ್ಲಿ ಕರೆಂಟು ಹೋಗಿತ್ತು. ಬೃಂದಾ ಸೀಮೆಣ್ಣೆ ಬುಡ್ಡಿಯ ಬೆಳಕಿನಲ್ಲಿ ಮುದ್ದೆಗೆ ಹಿಟ್ಟು ತೊಳಸುತ್ತಿದ್ದಳು. "ಬೃಂದಾ" ಎಂದರು. ಅವಳು ತಿರುಗಲಿಲ್ಲ. ಎದುರಿಗೇ ಹೋಗಿ ನಿಂತು ಮುಖದ ಮುಂದೆ ಕೈಯಾಡಿಸಿದರು. ಅವಳು ಅವರ ಹಿಂದಿದ್ದ ಗೋಡೆಯನ್ನು ನೋಡಿ, ಮುಖ ತಿರುಗಿಸಿ, ಮತ್ತೆ ಕೋಲು ತಿರುವಿದಳು. ವ್ರತವೆಂಬುದು ಅವರಿಗೆ ಮರೆತೇ ಹೋಗಿತ್ತು! ಬುಡ್ಡಿ ಅಲುಗಾಡಿದಾಗ ಗೋಡೆಯ ಮೇಲೆ ತಮ್ಮ ನೆರಳು ಎಲ್ಲೆಂದು ಹುಡುಕುವ ಧೈರ್ಯವೂ ಬರಲಿಲ್ಲ. ಒಲೆಯ ಪಕ್ಕ ಕುಸಿದು ಕೂತರು.

"ಬೃಂದಾ, ನಿನಗೆ ಕೇಳಲ್ಲ ಅಂತ ಗೊತ್ತು ಕಣೇ. ಆದ್ರೂ ಹೇಳಿ ಹೋಗ್ತೀನಿ. ನಿನ್ನ ಉಪ್ಸಾರು ನಮ್ಮವ್ವನ ಉಪ್ಸಾರಿಗಿಂತ ಚೆಂದ. ಅವ್ವ ಕೇಳಿಸ್ಕೋತಾಳೆ ಅಂತ ಹೇಳ್ಲಿಲ್ಲ, ಅವಳು ಹೋದ್ಮೇಲೂ ಹೇಳ್ಲಿಲ್ಲ. ನಿನ್ನ ಬಿಟ್ಟು ನಂಗೆ ಬಾಳೇ ಇರ್ಲಿಲ್ಲ." ಅತ್ತರು.

ಕೋಲು ನಿಧಾನವಾಯಿತು. ಬೃಂದಾಳ ಕಣ್ಣಂಚು ಒದ್ದೆಯಾಯಿತು. ಇಲ್ಲಿಗೆ ನಿಲ್ಲಿಸಿದ್ದರೆ ಸಂಸಾರ ಉದ್ಧಾರವಾಗುತ್ತಿತ್ತು! ಆದರೆ ಆತ್ಮ ಹಗುರಾಗಬೇಕಲ್ಲ?

"ಆ ಭಾನುವಾರ ತರಬೇತೀನೂ ಇರ್ಲಿಲ್ಲ, ಮಣ್ಣೂ ಇರ್ಲಿಲ್ಲ ಕಣೇ. ನಿನ್ನ ತಂಗಿ ಗಂಡನ ಬಡಾಯಿ ಕೇಳೋಕಾಗಲ್ಲ ಅಂತ ಹುಣಸೂರಲ್ಲಿ ಖದೀರ್ ಹೋಟೆಲಲ್ಲಿ ಬಿರಿಯಾನಿ ತಿಂದು, ಸಂಜೆವರ್ಗೂ ಅಲ್ಲೇ ಕೂತಿದ್ದೆ. ಎರಡು ಪ್ಲೇಟು. ಕ್ಷಮಿಸ್ಬಿಡು."

ಕೋಲು ನಿಂತೇಹೋಯಿತು.

ಅದೇ ಗಳಿಗೆಗೆ ಹೊರಗೆ ಗೋಳೋ ಎಂಬ ಸದ್ದು. ಚಿಕ್ಕಸಿದ್ದಮ್ಮನ ಸುದ್ದಿ ಕೇಳಿ ಊರೇ ಜಗಲಿಗೆ ಬಂದಿತ್ತು, ಕೈಯಲ್ಲಿ ಹೂವಿನ ಹಾರ! ಎಲ್ಲರಿಗಿಂತ ಮುಂದೆ ಕಿರಣ್‌ಕುಮಾರ್ ಎದೆ ಬಡಿದುಕೊಳ್ಳುತ್ತಿದ್ದ. "ಚಿನ್ನದಂತ ಮೇಷ್ಟ್ರು! ಸತ್ರೂ ಪಾಠ ಬುಡ್ಲಿಲ್ವಲ್ಲಪ್ಪ! ನಿಮ್ ಸ್ಕೂಲ್ ಮುಚ್ಚಕ್ ಬುಡಕಿಲ್ಲ ಸಾ. ಒಂದ್ ಮಗೂನೂ ಆ ವ್ಯಾನ್ ಹತ್ತುಸಕಿಲ್ಲ. ಮಣ್ ಮುಟ್ಟಿ ಏಳ್ತೀನಿ, ನೀವ್ ಸುಖವಾಗಿ ಓಗಿ ಬನ್ನಿ!" ಊರವರೆಲ್ಲ ಬಗ್ಗಿ ಮಣ್ಣು ಮುಟ್ಟಿದರು. ಸತ್ತವರಿಗೆ ಕೊಟ್ಟ ಮಾತು ತಪ್ಪಿದರೆ ಮನೆ ಉಳಿಯುವುದಿಲ್ಲ ಎಂಬುದು ಆ ಕಡೆ ಹಸುಗೂಸಿಗೂ ಗೊತ್ತು.

ಮೇಷ್ಟ್ರಿಗೆ ಆನಂದಬಾಷ್ಪ. ತಡೆಯಲಾರದೆ ಹೊಸ್ತಿಲಿಗೆ ಬಂದು, "ತುಂಬಾ ಸಂತೋಷ ಕಣ್ರಪ್ಪ!" ಎಂದರು.

ಜಗಲಿ ಕ್ಷಣದಲ್ಲಿ ಖಾಲಿ! ಕಿರಣ್‌ಕುಮಾರ್ ಮಾತ್ರ ಓಡಲಾಗದೆ ಕಂಬ ತಬ್ಬಿಕೊಂಡು ಕಣ್ಣು ಮುಚ್ಚಿ ನಿಂತ. ಆಗ ಕತ್ತಲಿನಿಂದ ದೊಡ್ಡಬೀರಯ್ಯ ಬಂದರು, ಹೆಗಲಿಗೆ ಶಾಲೆಯ ಕೈಮೈಕು. ಹಿಂದೆ ಮೇಕೆ ಹೊಡೆದುಕೊಂಡು ಅನು ಮತ್ತು ಆರನೇ ಕ್ಲಾಸಿನ ಪಟಾಲಂ.

"ಯಾಕ್ರುಲಾ ಇಂಗ್ ಓಡ್ತೀರಿ? ನನ್ ದನಿಗೆ ಕಾಡಂದಿಗೋಳು ಒಗ್ಗೋಗವೆ, ನೆಂಟ್ರ್ ಮನೆಗ್ ಬಂದಂಗೆ ಜೋಳಕ್ ಬತ್ತವೆ. ಅದ್ಕೆ ಸ್ಕೂಲ್ ಅಡುಗೆ ಬೀರಮ್ಮನ ತಾವ ಬೀಗದ್ ಕೈ ಈಸ್ಕಂಡು ಇದ ತಂದು ಒಲ್ದಾಗ್ ಇಟ್ಟಿದ್ದೆ. ನಮ್ಮೈದ ಕಂಬ್ಳಿ ಒಳ್ಗೆ ಕುಂತು ಒದ್ರವ್ನಲ್ಲ, ಅಂದಿ ಇರ್ಲಿ, ಆನೇನೂ ನಿಲ್ಲಕಿಲ್ಲ!"

"ನಾವು ಕೆರೆ ಏರಿ ಮ್ಯಾಲಿದ್ವು ಸಾ," ಎಂದಳು ಅನು. "ದನಿ ಕೇಳುದ್ರೆ ತಿರ್ಗ ಏಳ್ಬೇಕು ಅಂದಿದ್ರಲ್ಲ, ಏಳುದ್ವು."

ಓಡಿದವರು ಒಬ್ಬೊಬ್ಬರಾಗಿ ವಾಪಸು ಬಂದರು. ಕಿರಣ್‌ಕುಮಾರ್ ಕಂಬ ಬಿಟ್ಟು, ಬೆವರೊರೆಸಿಕೊಂಡು, ಪಂಚೆ ಸರಿಮಾಡಿಕೊಂಡ. ಭಯ ಇಳಿದಂತೆ ಬುದ್ಧಿ ಏರಿತು.

"ಅಲ್ಲ ಸಾ, ನಾವ್ ಮಾತ್ ಕೊಟ್ಟಿದ್ದು ಸತ್ತೋಗಿರೋ ಮೇಷ್ಟ್ರಿಗೆ. ನೀವ್ ನೋಡುದ್ರೆ ಗಟ್ಟಿಯಾಗ್ ನಿಂತಿದೀರಿ. ಅಂಗಾರೆ ಮಾತು ಓಯ್ತಲ್ಲ? ಸೋಮವಾರ ವ್ಯಾನು..."

ಮೇಷ್ಟ್ರ ಮುಖ ಪೆಚ್ಚಾಯಿತು. ಶಾಲೆ ಕೈಗೆ ಬಂದು ಜಾರಿಹೋಗುತ್ತಿತ್ತು, ಅದೂ ತಾವು ಬದುಕಿದ್ದ ತಪ್ಪಿಗೆ! ಅಷ್ಟರಲ್ಲಿ ಅವರ ಬೆನ್ನ ಹಿಂದೆ ಬೃಂದಾ ಬಂದು ನಿಂತಳು. ಕೈಯಲ್ಲಿ ಹಿಟ್ಟಿನ ಕೋಲು, ಇನ್ನೂ ಹಬೆಯಾಡುತ್ತಿತ್ತು. ಅಷ್ಟು ದಿನಗಳ ಮೇಲೆ ಮೊದಲ ಸಲ ಬಾಯಿ ಬಿಟ್ಟಳು. ದನಿ ತಣ್ಣಗಿತ್ತು, ಹೊಲದ ದನಿ ಅದರ ಮುಂದೆ ಏನೂ ಅಲ್ಲ.

"ಕಿರಣಣ್ಣ, ಮಣ್ಣು ಮುಟ್ಟಿದ ಮಾತನ್ನ ವಾಪಸ್ ತಗೋಬೇಡಿ. ಹಾರಾನೂ ಕೆಳಗಿಡಬೇಡಿ. ಇವರು ಈಗ ತಾನೇ ಎರಡು ಪ್ಲೇಟ್ ಬಿರಿಯಾನಿ ವಿಚಾರ ಹೇಳಿದಾರೆ. ಒಂದ್ ಗಳಿಗೆ ಬಾಗಿಲು ಹಾಕ್ಕೋತೀನಿ, ನಿಮ್ ಮಾತು ಉಳೀತದೆ."

"ಬ್ಯಾಡಕ್ಕ! ಐಕ್ಳು ಇಲ್ಲೇ ಓದ್ಲಿ, ವ್ಯಾನ್ ಬರಕಿಲ್ಲ!" ಎಂದು ಕಿರಣ್‌ಕುಮಾರ್ ಕೈಮುಗಿದ.

"ಆಗ್ಲಿ ಅಣ್ಣ, ಸಂತೋಷ," ಎಂದಳು ಬೃಂದಾ, ಮತ್ತು ಮೇಷ್ಟ್ರನ್ನು ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡಳು.