ಮೂರನೇ ಕೊಳವೆ ಕಡಿದ ಉದ್ದಬಾಲದ ಮಹನೀಯರಿಗೆ

ಮಾನ್ಯರೇ,

ನಮ್ಮ ಶೆಡ್ಡಿನ ಬೆಂಚಿನ ಕೆಳಗೆ ಬಹುಕಾಲದಿಂದ ಬಿಡಾರ ಹೂಡಿರುವ ತಮಗೂ, ತಮ್ಮ ಮನೆಯವರಿಗೂ, ಈ ಪತ್ರ ಮುಗಿಯುವಷ್ಟರಲ್ಲಿ ಹುಟ್ಟಬಹುದಾದ ಮರಿಗಳಿಗೂ ಕ್ಯಾಸಲ್‌ಟೌನಿನ ಫಿನ್ಲೋ ಕ್ವಾಲ್ಟ್ರೋ ಮಾಡುವ ಅನಂತ ವಂದನೆಗಳು. ತಮ್ಮನ್ನು ಹೆಸರು ಹಿಡಿದು ಕರೆಯಲಿಲ್ಲವೆಂದು ಮುನಿಯಬೇಡಿ. ಮ್ಯಾನ್ ದ್ವೀಪದಲ್ಲಿ ಹುಟ್ಟಿದವನು ಆ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಕೆಡುಕು ತಪ್ಪಿದ್ದಲ್ಲವೆಂಬುದು ತಮಗೂ ಗೊತ್ತಿರುವ ಸಂಗತಿ. ಬರೆದರೂ ಅದೇ ದೋಷವೇ ಎಂದು ಮೂರು ಜನರನ್ನು ಕೇಳಿದೆ, ಮೂವರೂ ಮುಖ ಮುಖ ನೋಡಿದರು, ಹಾಗಾಗಿ ನನಗೇಕೆ ಬೇಕು ಎಂದು ಉದ್ದಬಾಲದವರೆಂದೇ ಕರೆಯುತ್ತಿದ್ದೇನೆ. ತಮ್ಮ ಬಿಲದ ಮುಂಬಾಗಿಲು ಯಾವುದೆಂದು ತಿಳಿಯದ್ದರಿಂದ ಈ ಪತ್ರವನ್ನು ಶೆಡ್ಡಿನ ಬಾಗಿಲಿಗೇ ಅಂಟಿಸಿದ್ದೇನೆ.

ವಿಷಯ ತಮಗೆ ತಿಳಿದದ್ದೇ. ನನ್ನ ಹೆಂಡತಿ ವೋರಿ ಒಂಬತ್ತು ವರ್ಷ ಅರ್ಜಿ ಹಾಕಿ, ಈ ವರ್ಷ ಹಳೆಯ ಬೈಕುಗಳ ಮೆರವಣಿಗೆಯಲ್ಲಿ ಒಂದು ಜಾಗ ಗಿಟ್ಟಿಸಿಕೊಂಡಳು. ಬೈಕು ಅವಳ ಅಪ್ಪನದು, ನಾಲ್ಕು ಕಾರ್ಬುರೇಟರಿನ ಜಪಾನಿ ಬೈಕು. ಆ ಮನುಷ್ಯ ಎರಡು ಸಲ ಮೆರವಣಿಗೆಯ ಸಾಲಿನಲ್ಲಿ ನಿಂತಿದ್ದರೂ, ಎರಡು ಸಲವೂ ಬೆಟ್ಟದ ಮೇಲೆ ಮಂಜು ಕವಿದು ಮೆರವಣಿಗೆಯೇ ರದ್ದಾಗಿ, ಮೂರನೆಯ ಸಲಕ್ಕೆ ಅವರೇ ಇರಲಿಲ್ಲ. ಮೆರವಣಿಗೆ ಸಾಗುವ ಆ ಮೂವತ್ತೇಳು ಮುಕ್ಕಾಲು ಮೈಲಿಯ ಬೆಟ್ಟದ ದಾರಿಯನ್ನು ಅಪ್ಪನ ಪರವಾಗಿ ಒಂದೇ ಒಂದು ಸಲ ಸುತ್ತಿ ಬರಬೇಕೆಂಬುದು ಅವಳ ಆಸೆ. ಬೈಕನ್ನು ಶನಿವಾರಕ್ಕೆ ಸಜ್ಜು ಮಾಡಿಕೊಡುತ್ತೇನೆಂದು ಮಾತು ಕೊಟ್ಟವನು, ದಶಮಾಂಶ ಕಲಿಸುವ ವಾರ ಗಂಟಲು ಬೇನೆಯಿಂದ ಮಲಗಿ, ಆಮೇಲೆ ಶಾಲೆಗೇ ಹೋಗದ ನಾನು.

ನಾಲ್ಕು ಕಾರ್ಬುರೇಟರುಗಳೂ ಸಮನಾಗಿ ಉಸಿರೆಳೆಯದಿದ್ದರೆ ಎಂಜಿನ್ ಬೆಟ್ಟ ಹತ್ತುವಾಗ ಕೆಮ್ಮಿ ನಿಲ್ಲುತ್ತದೆ. ಆ ಉಸಿರನ್ನು ಅಳೆಯಲೆಂದೇ ಒಂದೊಂದಕ್ಕೂ ಒಂದು ಮಾಪಕ, ಒಂದು ರಬ್ಬರ್ ಕೊಳವೆ. ಆದರೆ ಅಳೆಯುವವರು ನೆಟ್ಟಗಿದ್ದಾರೆಯೇ ಎಂದು ಮೊದಲು ಅಳೆಯಬೇಕಲ್ಲ? ಅದಕ್ಕಾಗಿ ನಾಲ್ಕು ಮಾಪಕಗಳನ್ನೂ ಒಂದಾದ ಮೇಲೊಂದರಂತೆ ಒಂದೇ ಕಾರ್ಬುರೇಟರಿಗೆ ಸಿಕ್ಕಿಸಿ ನೋಡುವುದು ನನ್ನ ಪದ್ಧತಿ. ನಾಲ್ವರೂ ಒಂದೇ ಸಾಕ್ಷಿ ನುಡಿದರೆ ಸರಿ. ಸೋಮವಾರ ಬೆಳಿಗ್ಗೆ ಕಿಪ್ಪರ್ ತಿಂದು, ಅಂದರೆ ಹೊಗೆ ಹಿಡಿಸಿದ ಹೆರಿಂಗ್ ಮೀನನ್ನು ಬೆಣ್ಣೆ ಸಮೇತ ಮುಗಿಸಿ, ಶೆಡ್ಡಿಗೆ ಬಂದು, ಚಳಿಗಾಲವಿಡೀ ಮಲಗಿದ್ದ ಮಾಪಕದ ಮುಳ್ಳುಗಳು ಎದ್ದಿವೆಯೇ ಎಂದು ಕೈಗೆ ಸಿಕ್ಕ ಮೂರನೇ ಕೊಳವೆಯನ್ನು ಬಾಯಿಗಿಟ್ಟು ಎಳೆದು ನೋಡಿದೆ. ಮುಳ್ಳು ಎದ್ದಿತು, ನಿಂತಿತು. ಆಮೇಲೆ ಸಿಕ್ಕಿಸಿ ನೋಡಿದರೆ ನಾಲ್ಕೂ ಇಪ್ಪತ್ತು. ಆ ದಿನ ನಾನು ಸುಖಿ.

ಮಂಗಳವಾರ ಮೂರನೆಯವನು ಮಾತ್ರ ಹದಿನೆಂಟು ಎಂದ. ಮತ್ತೆ ಬಾಯಿಗಿಟ್ಟು ಎಳೆದು ನಾಲಿಗೆಯಿಂದ ಮುಚ್ಚಿ ಹಿಡಿದೆ. ಮುಳ್ಳು ನಿಧಾನವಾಗಿ ಇಳಿಯತೊಡಗಿತು. ಬೇರೆ ಯಾರಾದರೂ ಆಗಿದ್ದರೆ ಕೊಳವೆ ಸೋರುತ್ತಿದೆ ಎನ್ನುತ್ತಿದ್ದರು. ನಾನು, ಸೋರುತ್ತಿರುವುದು ನನ್ನ ಶ್ವಾಸಕೋಶವೇ ಎಂದು ಹೆದರಿ, ಕೊಳವೆಯನ್ನು ಮತ್ತೆ ಕಾರ್ಬುರೇಟರಿಗೆ ಸಿಕ್ಕಿಸಿ, ಮಾಪಕದ ಹಿಂದಿನ ತಿರುಪನ್ನು ತಿರುಗಿಸಿ ಮುಳ್ಳನ್ನು ಇಪ್ಪತ್ತಕ್ಕೆ ತಂದವನೇ ಸೀದಾ ಡಾಕ್ಟರರ ಬಳಿಗೆ ಓಡಿದೆ. ಅವರು ಬೆನ್ನು ತಟ್ಟಿ ನೋಡಿ, "ಕ್ವಾಲ್ಟ್ರೋ, ಈ ಎದೆ ಇಟ್ಕೊಂಡು ನೀವು ತುತ್ತೂರಿ ಊದಬಹುದು. ಎದ್ದು ಹೋಗಿ, ಹೊರಗೆ ನಿಜವಾದ ರೋಗಿಗಳು ಕಾಯ್ತಿದ್ದಾರೆ" ಎಂದರು.

ಬುಧವಾರ ಮೂರನೆಯವನು ಮತ್ತೆ ಇಳಿದಿದ್ದ, ತಿರುಪು ತಿರುಗಿಸಿದೆ. ಗುರುವಾರ ಇನ್ನಷ್ಟು ಇಳಿದಿದ್ದ; ಇನ್ನಷ್ಟು ತಿರುಗಿಸಿದೆ. ಪ್ರತಿ ಬೆಳಿಗ್ಗೆ ಕಿಪ್ಪರ್, ಪ್ರತಿ ಬೆಳಿಗ್ಗೆ ಕೊಳವೆ. ಪಕ್ಕದ ಮನೆಯ ಜುವಾನ್ ಕರ್ಮೀನ್ ಬೇಲಿಯ ಮೇಲಿಂದ ಇಣುಕಿ, "ಏನಯ್ಯಾ ಫಿನ್ಲೋ, ನಾಲ್ಕು ದಿನದಿಂದ ಆ ಕೊಳವೆ ಚೀಪ್ತಾ ಇದೀಯಲ್ಲ, ಮನೇಲಿ ಊಟ ಹಾಕ್ತಿಲ್ವಾ?" ಎಂದು ಕೇಳಿದ. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಮೆರವಣಿಗೆಗೆ ಎರಡೇ ದಿನವಿತ್ತು, ಒಂದು ಕಾರ್ಬುರೇಟರನ್ನೂ ಹೊಂದಿಸಲು ಕೈ ಹಾಕಿರಲಿಲ್ಲ, ಬೆಟ್ಟದ ನಡುವೆ ಕೆಟ್ಟು ನಿಂತ ಬೈಕಿನ ಪಕ್ಕದಲ್ಲಿ ಹೆಲ್ಮೆಟ್ ಹಿಡಿದು ನಿಂತ ವೋರಿ ಕಣ್ಣು ಮುಚ್ಚಿದರೂ ಕಾಣುತ್ತಿದ್ದಳು, ತೆರೆದರೂ ಕಾಣುತ್ತಿದ್ದಳು.

ಶುಕ್ರವಾರ ಅವಳೇ ಚಹಾ ಹಿಡಿದುಕೊಂಡು ಶೆಡ್ಡಿಗೆ ಬಂದಳು. ಎಂಜಿನ್ ಇನ್ನೂ ಚಾಲೂ ಆಗಿರಲಿಲ್ಲ. ಮಾಪಕಗಳನ್ನೇ ನೋಡುತ್ತಾ, "ಫಿನ್ಲೋ, ಎಂಜಿನ್ ನಿಂತಿದೆ. ಮೂರು ಮುಳ್ಳು ಸೊನ್ನೆ ಮೇಲೆ ಮಲಗಿವೆ. ಈ ಮೂರನೇದು ಎಂಟು ಅಂತಿದೆಯಲ್ಲ, ಯಾರ ಉಸಿರು ಅಳೀತಿದೆಯೋ ಇದು?" ಎಂದಳು. ಶಾಲೆ ಮುಗಿಸಿದವಳು, ಸೊನ್ನೆಯ ಬೆಲೆ ಗೊತ್ತು. ಆಮೇಲೆ ಕೊಳವೆಯನ್ನು ಬೆಳಕಿಗೆ ಹಿಡಿದಳು: ತುದಿಯಿಂದ ಎರಡು ಬೆರಳು ಹಿಂದೆ, ನಾನು ದಿನವೂ ಹಿಡಿಯುವ ಜಾಗದಲ್ಲೇ, ತಮ್ಮ ಅಂದವಾದ ಹಲ್ಲಿನ ಸಾಲು. ಮೂಸಿ ನೋಡಿದಳು. "ಅಯ್ಯೋ ದೇವರೇ, ಕಿಪ್ಪರ್! ದಿನಾ ಬೆಳಿಗ್ಗೆ ಬೆಣ್ಣೆ ಸವರಿ ಉದ್ದಬಾಲದೋರಿಗೆ ಬಡಿಸಿಟ್ಟಿದ್ದೀಯಲ್ಲೋ ಮಹಾರಾಯ! ನಂಗೆ ಬಡಿಸೋವಾಗ ಇಷ್ಟು ಧಾರಾಳ ಇರಲ್ಲ."

ಇಲ್ಲಿಗೆ ನನ್ನ ಅಹವಾಲು. ತಾವು ಆಹ್ವಾನಿತ ಅತಿಥಿಗಳೆಂದು ಈಗ ಒಪ್ಪಿಕೊಂಡಿದ್ದೇನೆ. ಆದರೆ ಮಾನ್ಯರೇ, ಕಡಿಯುವುದೇ ಆದರೆ ನಾಲ್ಕು ಕೊಳವೆಗಳನ್ನೂ ಒಂದೇ ಆಳಕ್ಕೆ ಕಡಿಯಬಾರದಿತ್ತೇ? ಈ ಕೆಲಸದಲ್ಲಿ ಎಷ್ಟು ಎಂಬುದಕ್ಕಿಂತ ಸಮ ಎಂಬುದೇ ಮುಖ್ಯ. ನಾಲ್ವರೂ ಒಂದೇ ಸುಳ್ಳು ಹೇಳಿದ್ದರೆ ನನಗೆ ಚಿಂತೆಯೇ ಇರುತ್ತಿರಲಿಲ್ಲ, ಸತ್ಯ ಹೇಳುತ್ತಿದ್ದ ಬಡಪಾಯಿ ಮಾಪಕವನ್ನು ನನ್ನ ಕೈಯಾರೆ ಸುಳ್ಳುಗಾರನನ್ನಾಗಿ ಮಾಡಬೇಕಾಗಿಯೂ ಬರುತ್ತಿರಲಿಲ್ಲ. ತಮ್ಮ ಹಲ್ಲಿನ ನಾಜೂಕು ಕಂಡವನು ನಾನು: ದಿನಕ್ಕೆ ಇಷ್ಟೇ, ಹೆಚ್ಚಿಲ್ಲ ಕಡಿಮೆಯಿಲ್ಲ. ಇಂಥ ಹದ ನನ್ನ ತಿರುಪುಳಿಗೂ ಇಲ್ಲ. ಮುಂದಿನ ವಸಂತಕ್ಕೆ ತಾವು ಕುಟುಂಬದಿಂದ ಇನ್ನೂ ಮೂವರನ್ನು ಕರೆತಂದು, ಒಬ್ಬೊಬ್ಬರು ಒಂದೊಂದು ಕೊಳವೆಯ ಬಳಿ ಕುಳಿತು, ನಾನು ಸೀಟಿ ಹೊಡೆದಾಗ ಶುರುಮಾಡಿ ಮತ್ತೆ ಹೊಡೆದಾಗ ನಿಲ್ಲಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ವೋರಿ ಮೀನಿನ ಕತ್ತರಿಯಿಂದ ಮೂರು ಬೆರಳುದ್ದ ಕೊಳವೆ ಕತ್ತರಿಸಿ ಬಿಸಾಕಿ, ತಿರುಪು ಹಿಂದಕ್ಕೆ ತಿರುಗಿಸಿ ಮುಳ್ಳನ್ನು ಸೊನ್ನೆಗೆ ಮಲಗಿಸಿದಳು. ಎಂಜಿನ್ ಚಾಲೂ ಮಾಡಿದರೆ ನಾಲ್ಕೂ ಇಪ್ಪತ್ತು. ಕಾರ್ಬುರೇಟರುಗಳನ್ನು ನಾನೇ ಹೊಂದಿಸಿದೆ, ಖಾಲಿ ಹೊಟ್ಟೆಯಲ್ಲಿ. ಶನಿವಾರ ಮೆರವಣಿಗೆ ಹೊರಡುವ ಡಗ್ಲಸಿಗೆ ಹೋಗುವ ದಾರಿಯಲ್ಲಿ, ಸೇತುವೆಯ ಕೆಳಗಿನ ಪುಟ್ಟ ಜನರಿಗೆ, ಅಂದರೆ ಮಾತಾಡಿಸದೆ ದಾಟಿದವರ ಮೇಲೆ ಮುನಿಯುವ ಕಿನ್ನರರಿಗೆ, ಮೂರು ಸಲ ನಮಸ್ಕಾರ ಹೇಳಿದೆ. "ಒಂದ್ಸಲ ಸಾಕು, ಅವರೇನು ಕಿವುಡರಲ್ಲ" ಎಂದಳು ವೋರಿ. ಮಂಜು ಬರಲಿಲ್ಲ. ಅವಳು ಹೊರಟ ಮೇಲೆ ನಾನು ರಸ್ತೆಯ ಪಕ್ಕದಲ್ಲಿ ಕುಳಿತು ಉಗುರು ಕಚ್ಚಿದೆ. ಕಡಿಯುವ ಚಾಳಿಯಲ್ಲಿ ತಮಗೂ ನನಗೂ ಅಷ್ಟೇನೂ ವ್ಯತ್ಯಾಸವಿಲ್ಲವೆಂದು ಆಗಲೇ ಹೊಳೆದದ್ದು.

ಅವಳು ಬಂದಳು. ಹೆಲ್ಮೆಟ್ ತೆಗೆದು ಟ್ಯಾಂಕಿನ ಮೇಲೆ ಕೈಯಿಟ್ಟಳು. "ಬೆಟ್ಟದ ಮೇಲೆ ಒಂದ್ಸಲಾನೂ ಕೆಮ್ಮಲಿಲ್ಲ ಕಣೋ," ಎಂದಳು. "ಅಪ್ಪ ಇದ್ದಿದ್ರೆ ನಿಧಾನ ಆಯ್ತು ಅಂತ ಬೈತಿದ್ರು."

ಇಂತಿ, ಮೂರನೇ ಕೊಳವೆಯ ವಿಷಯವೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ,
ತಮ್ಮ ವಿಶ್ವಾಸಿ,
ಫಿನ್ಲೋ ಕ್ವಾಲ್ಟ್ರೋ

ಲಗತ್ತು: ಮೂರು ಬೆರಳುದ್ದದ ಕೊಳವೆ, ತಮ್ಮ ಹಲ್ಲಿನ ರುಜುವಿನೊಂದಿಗೆ.

ತಾ.ಕ.: ಸೋಮವಾರದಿಂದ ನಮ್ಮ ಬೆಕ್ಕಿನ ವಾಸವೂ ಶೆಡ್ಡಿನಲ್ಲೇ. ಈ ದ್ವೀಪದ ಬೆಕ್ಕುಗಳಂತೆ ಅದಕ್ಕೂ ಬಾಲವಿಲ್ಲ, ಆ ಕೊರತೆ ಅದಕ್ಕೆ ಮೊದಲಿನಿಂದಲೂ ಇದೆ. ತಾವು ಅದರೆದುರು ಬಾಲ ಬಿಚ್ಚುವ ಮುನ್ನ ಒಮ್ಮೆ ಯೋಚಿಸಿ. ಅದರ ಹಲ್ಲುಗಳನ್ನು ಇಂದು ಬೆಳಿಗ್ಗೆ ನಾನೇ ಪರೀಕ್ಷಿಸಿದೆ, ಎಲ್ಲವೂ ಒಂದೇ ಸಮ ಇವೆ.