ಅತ್ತೆಯ ಬಿಲ್ಲು, ನನ್ನ ಸೊಟ್ಟ ಗಂಟು

ನಮ್ಮ ಸೋದರತ್ತೆ ಸುಳ್ಳು ಹೇಳುವುದಿಲ್ಲ. ಹೊಗಳುತ್ತಿದ್ದೇನೆ ಎಂದುಕೊಂಡಿರಾ? ಇದು ದೂರು ಸ್ವಾಮಿ, ಶುದ್ಧ ದೂರು! ಸುಳ್ಳೇ ಹೇಳದವರ ಜೊತೆ ಒಂದೇ ಸೂರಿನಡಿ ಇದ್ದು ನೋಡಿ, ಆಗ ನನ್ನ ಕಷ್ಟ ತಿಳಿಯುತ್ತದೆ.

ಹಿಂದೊಮ್ಮೆ ನನ್ನನ್ನು ನೋಡಲು ನಮ್ಮ ನೀಲಗಿರಿಯದೇ ಊರಾದ ಕುಂದಾದಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗನ ತಾಯಿ, "ಹುಡುಗಿ ಅಡುಗೆ ಮಾಡ್ತಾಳಾ?" ಎಂದು ಕೇಳಿದರು. ಈ ಪ್ರಶ್ನೆಗೆ ಲೋಕದಲ್ಲೆಲ್ಲ ಒಂದೇ ಉತ್ತರ ತಾನೆ? ಅತ್ತೆ ಮಾತ್ರ ಕೊಂಚ ಯೋಚಿಸಿ, "ಮಾಡ್ತಾಳೆ. ನಾವೂ ತಿಂತೀವಿ. ಏನ್ ಮಾಡೋದು, ಹಸಿವು ಅನ್ನೋದು ಇದೆಯಲ್ಲ!" ಎಂದುಬಿಟ್ಟಳು. ಬಂದವರು ಚಹಾ ಕುಡಿದು, ಚಹಾವನ್ನು ಮಾತ್ರ ಹೊಗಳಿ, ಬಸ್ಸು ಹಿಡಿದರು. ಆ ಚಹಾ ಮಾಡಿದ್ದವಳು ಅತ್ತೆ! ಹೀಗೆ ನಾನು ಊಟಿಯ ಶಾಲೆಯೊಂದರಲ್ಲಿ ಟೀಚರಾಗಿ, ಅಲ್ಲೇ ಹತ್ತಿರದ ಸೋಲೂರಿನ ಮನೆಯಲ್ಲಿ ಅತ್ತೆಯ ಜೊತೆಗೇ ಉಳಿದೆ. ಅವಳು ನನ್ನನ್ನು ನೋಡಿಕೊಳ್ಳುತ್ತಿದ್ದಾಳೋ, ನಾನು ಅವಳನ್ನು ನೋಡಿಕೊಳ್ಳುತ್ತಿದ್ದೇನೋ ಎಂಬ ಗೊಂದಲ ಇವತ್ತಿಗೂ ಬಗೆಹರಿದಿಲ್ಲ.

ಇಂಥ ಅತ್ತೆ, ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ, ಬಿಲ್ಲುವಿದ್ಯೆ ಕಲಿಯಲು ಹೊರಟಳು. ತಪ್ಪೆಲ್ಲ ಒಂದು ಕಾಟಿಯದು.

ಮನೆಯ ಹಿಂದೆ ಅತ್ತೆಯದೊಂದು ಸಣ್ಣ ಚಹಾ ತೋಟವಿದೆ. ಎಲೆ ಅವಳೇ ಕೀಳಬೇಕು, ಬೇರೆಯವರು ಕಿತ್ತರೆ ಗಿಡಕ್ಕೆ ನೋಯುತ್ತದಂತೆ. ಕಳೆದ ಮಳೆಗಾಲದ ಕೊನೆಯಲ್ಲಿ ತೋಟಕ್ಕೆ ಕಾಟಿ ಬಂತು. ನಮ್ಮ ಕಡೆ ಕಾಡೆಮ್ಮೆ ಬರುವುದು ನೆಂಟರು ಬಂದಷ್ಟೇ ಮಾಮೂಲು. ಅದು ಏನೂ ಮಾಡಲಿಲ್ಲ, ಸುಮ್ಮನೆ ತಲೆಯೆತ್ತಿ ನೋಡಿತು. ಅತ್ತೆ ಓಡಿದಳು, ಚರಂಡಿಗೆ ಬಿದ್ದಳು, ಬಲಹೆಗಲಿನ ಮೂಳೆ ಬಿರುಕು ಬಿಟ್ಟಿತು. ಮೂಳೆ ಕೂಡಿ ಕಟ್ಟು ಬಿಚ್ಚುವ ಹೊತ್ತಿಗೆ ಹೆಗಲು ಮರಗಟ್ಟಿಹೋಗಿತ್ತು. ಕೈ ಎದೆಮಟ್ಟ ದಾಟಿ ಮೇಲೆ ಬರುತ್ತಿರಲಿಲ್ಲ.

ಎಲೆ ಕೀಳಲು ಕೈ ಅಷ್ಟು ಮೇಲೆ ಬರಬೇಕೇ ಎಂದು ನೀವು ಕೇಳಬಹುದು. ಕೀಳಲು ಬೇಡ, ಕಿತ್ತದ್ದನ್ನು ಹೆಗಲ ಮೇಲಿಂದ ಬೆನ್ನಿನ ಬುಟ್ಟಿಗೆ ಎಸೆಯಲು ಬೇಕು! ಆ ಎಸೆತವೇ ಹೋಗಿತ್ತು. ತಲೆಗೆ ಸುತ್ತುವ ಬಿಳಿ ಬಟ್ಟೆಯನ್ನು ಹಿಂದೆ ಗಂಟು ಹಾಕಿಕೊಳ್ಳುವುದೂ ಆಗುತ್ತಿರಲಿಲ್ಲ. ಆ ಕೆಲಸ ನನ್ನ ಪಾಲಿಗೆ ಬಂತು. ದಿನಾ ಬೆಳಿಗ್ಗೆ ಅವಳು ಮಣೆಯ ಮೇಲೆ ಕೂರುವುದು, ನಾನು ಹಿಂದೆ ನಿಂತು ಕಟ್ಟುವುದು. ನೀಲಗಿರಿ ಎಣ್ಣೆಯ ವಾಸನೆಯ ಆ ತಲೆಗೆ ಎಷ್ಟು ಜೋಪಾನವಾಗಿ ಕಟ್ಟಿದರೂ ತೀರ್ಪು ತಪ್ಪುತ್ತಿರಲಿಲ್ಲ.

"ಕೂಸೇ, ಕಿವಿ ಮುಚ್ಚಿದೆ. ಏನೂ ಕೇಳಿಸಲ್ಲ."

ಮರುದಿನ: "ಇವತ್ತು ಕಿವಿ ಕೇಳತ್ತೆ, ಕಣ್ಣು ಕಾಣಲ್ಲ."

ಅದರ ಮರುದಿನ: "ಗಂಟು ಸೊಟ್ಟ. ಆಲೂಗಡ್ಡೆ ಮೂಟೆ ಕಟ್ಟೋರೂ ಇದಕ್ಕಿಂತ ನೆಟ್ಟಗೆ ಕಟ್ತಾರೆ."

ಐವತ್ತರ ಹತ್ತಿರ ಬಂದ ನನ್ನನ್ನು ಕೂಸೇ ಎನ್ನುವವಳು ಲೋಕದಲ್ಲಿ ಅವಳೊಬ್ಬಳೇ, ಬೈದರೂ ಬೈಸಿಕೊಳ್ಳಬಹುದು ಅನ್ನಿ.

ಪಕ್ಕದ ಮನೆಯಲ್ಲಿರುವ ನಮ್ಮಣ್ಣ ಒಂದು ದಿನ ಬಂದು ಕೂತ. "ಅತ್ತೆ, ಬೇಸಿಗೆ ಚಿಗುರು ಬರೋ ಹೊತ್ತಿಗೆ ಕೈ ಮೇಲೆ ಬಂದ್ರೆ ಸರಿ. ಇಲ್ಲಾಂದ್ರೆ ತೋಟ ಗುತ್ತಿಗೆಗೆ ಕೊಟ್ಟುಬಿಡೋಣ. ನೀನು ಆರಾಮಾಗಿ ಸುಮ್ನೆ ಕೂತ್ಕೋ." ಅವನ ಆಳುಗಳು ಆಗಲೇ ಕತ್ತರಿ ಹಿಡಿದು ಅತ್ತೆಯ ಗಿಡಗಳಿಗೆ ಕ್ಷೌರ ಮಾಡಿದ ಹಾಗೆ ಎಲೆ ಕತ್ತರಿಸುತ್ತಿದ್ದರು. ಅತ್ತೆ ಕಿಟಕಿಯಲ್ಲಿ ನಿಂತು ಅದನ್ನು ನೋಡಿ ಅತ್ತಳು. ಸುಮ್ಮನೆ ಕೂರು ಎನ್ನುವುದೂ ಸಾಯಿ ಎನ್ನುವುದೂ ಅವಳ ಮಟ್ಟಿಗೆ ಒಂದೇ.

ಡಾಕ್ಟರು ವ್ಯಾಯಾಮ ಹೇಳಿದ್ದರು. ಗೋಡೆಗೆ ಎದುರು ನಿಂತು ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸಬೇಕು. ಅತ್ತೆ ಒಂದೇ ದಿನ ಮಾಡಿ ನಿಲ್ಲಿಸಿದಳು. "ಗೋಡೆ ಹತ್ತೋಕೆ ನಾನೇನು ಹಲ್ಲಿಯಾ?" ಆಸ್ಪತ್ರೆಗೆ ಹೋಗಿ ಡಾಕ್ಟರಿಗೂ ಇದನ್ನೇ ಹೇಳಿದಳು. ಅಲ್ಲಿಂದ ವಾಪಸು ಬರುವಾಗ ಊಟಿಯ ಒಂದು ಮೈದಾನದಲ್ಲಿ ಮಕ್ಕಳು ಬಿದಿರಿನ ಬಿಲ್ಲು ಹಿಡಿದು ನಿಂತಿದ್ದರು. ಅತ್ತೆ ಬೇಲಿ ಹಿಡಿದು ನಿಂತಳು. ಹೆದೆ ಎಳೆದ ಕೈ ಕಿವಿಯ ಬಳಿಗೆ ಹೋಗುವುದು, ಬಾಣ ಬಿಟ್ಟೊಡನೆ ಹೆಗಲಿನ ಹಿಂದಕ್ಕೆ ಹಾರುವುದು.

"ಕೂಸೇ, ಆ ಮಕ್ಕಳ ಕೈ ನೋಡು. ಎಲೆ ಎಸೆದ ಹಾಗೇ ಹೋಗ್ತಿದೆ! ನನ್ನ ಸೇರಿಸು."

ಡಾಕ್ಟರು ಮೊದಲು ನಕ್ಕರು, ಆಮೇಲೆ ತೀರಾ ಹಗುರವಾದ ಬಿಲ್ಲಾದರೆ ಆಗಲಿ ಎಂದರು. ಕೋಚ್ ಗೂಡಲೂರು ಕಡೆಯ ಯುವಕ. ಆತನ ಮಾತು ತಮಿಳಿನಲ್ಲಿ ಶುರುವಾಗಿ, ಮಲಯಾಳದಲ್ಲಿ ಹೊರಳಿ, ಕನ್ನಡದಲ್ಲಿ ಮುಗಿಯುತ್ತಿತ್ತು. ಅನುವಾದಕಿ ನಾನು! ಅದರಲ್ಲೂ ಆತ ಹೇಳಿದ್ದಾದರೂ ಏನು?

"ಅಮ್ಮಾ, ಪದುಕ್ಕೆ, ಮೆಲ್ಲಗೆ ಎಳೀರಿ. ಆದ್ರೆ ಕೈಯಿಂದ ಎಳೀಬಾರದು. ಬಾಣ ಬಿಡಬೇಕು, ಆದ್ರೆ ನೀವಾಗಿ ಬಿಡಬಾರದು, ಅದೇ ಹೋಗಬೇಕು. ಗುರಿ ನೋಡಿ, ಬಾಣ ನೋಡಬೇಡಿ."

ಎಳೆಯದೆ ಎಳೆಯುವುದು, ಬಿಡದೆ ಬಿಡುವುದು, ಇದು ಬಿಲ್ಲುವಿದ್ಯೆಯೋ ವೇದಾಂತವೋ? ನಾನು ತಲೆ ಕೆರೆದುಕೊಂಡೆ. ಅತ್ತೆ ಮಾತ್ರ, "ನಂಗೇನೂ ಅರ್ಥ ಆಗಿಲ್ಲ ಮಾಸ್ಟರೇ. ಶುರು ಮಾಡೋಣ" ಎಂದಳು.

ಕೆಲವು ವಾರ ಬರೀ ಸೈಕಲ್ ಟ್ಯೂಬು ಎಳೆಯುವುದೇ ಆಯಿತು. ಕಿಟಕಿಯ ಸರಳಿಗೆ ಅದನ್ನು ಕಟ್ಟಿ, "ಅಯ್ಯಯ್ಯಪ್ಪಾ" ಎನ್ನುತ್ತಾ ಎಳೆಯುತ್ತಿದ್ದಳು. ಬಿಲ್ಲು ಕೈಗೆ ಬಂದ ಮೇಲೆ ಹೊಸ ಗೊಂದಲ. ಮೂರು ಬೆರಳಲ್ಲಿ ಹೆದೆ ಹಿಡಿದು, ಬೆರಳು ಸಡಿಲಿಸಬೇಕು. ಅತ್ತೆಯ ಹೆಬ್ಬೆರಳು ಅಷ್ಟರಲ್ಲಿ ತೋರುಬೆರಳಿಗೆ ಕೂಡಿ ಹೆದೆಯನ್ನು ಚಿವುಟುತ್ತಿತ್ತು! ಎರಡೆಲೆ ಒಂದು ಮೊಗ್ಗು ಎಂದು ಜೀವಮಾನವೆಲ್ಲ ಚಿವುಟಿದ ಬೆರಳು, ಎದುರಿಗಿರುವುದು ಗಿಡವಲ್ಲ ಎಂದರೆ ನಂಬುತ್ತದೆಯೇ? ಬಾಣ ಅವಳ ಪಾದದ ಬಳಿಯೇ ಬಿದ್ದು ನಮಸ್ಕಾರ ಮಾಡುತ್ತಿತ್ತು. ಕೊನೆಗೆ ಕೋಚ್ ಅವಳ ಹೆಬ್ಬೆರಳನ್ನು ಚಿಂದಿಯಿಂದ ಕಟ್ಟಿಹಾಕಿದ.

ಮಕ್ಕಳ ತಾಯಂದಿರು ಅತ್ತೆಯ ಬಳಿ ವಿಚಾರಿಸುವರು. "ಅಜ್ಜಿ, ನಮ್ಮ ಹುಡುಗಿ ಹೇಗೆ ಹೊಡೀತಾಳೆ?" "ಅವಳ ಹಿಂದೆ ನಿಂತ್ರೂ ಭಯ ಆಗತ್ತೆ." ಒಂದು ಭಾನುವಾರ ತಂದೆತಾಯಿಗಳ ಮುಂದೆ ಕೋಚ್ ತಾನೇ ಒಂದು ಬಾಣ ಬಿಟ್ಟು ತೋರಿಸಿದ. ಅದು ಗುರಿಯ ಪಕ್ಕದಲ್ಲಿ ಹಾದು ಹುಲ್ಲು ಸೇರಿತು. "ಗಾಳಿ, ಗಾಳಿ" ಎಂದು ಎಲ್ಲರೂ ಮರ್ಯಾದೆ ಕಾಪಾಡಿದರು. ಅತ್ತೆ ಮಾತ್ರ ಆಕಾಶ ನೋಡಿ, "ಗಾಳಿ ಇರಲಿಲ್ಲ" ಎಂದಳು. ಪಾಪ, ಅದನ್ನು ಅನುವಾದ ಮಾಡುವ ಅಗತ್ಯವೇ ಬೀಳಲಿಲ್ಲ.

ಮನೆಯ ಅಭ್ಯಾಸದ ಕಥೆ ಬೇರೆ. ಎಲೆ ತುಂಬುವ ಗೋಣಿಚೀಲಕ್ಕೆ ಹಳೆಯ ಸ್ವೆಟರು, ಮಂಕಿ ಕ್ಯಾಪು ತುರುಕಿ ಹಿತ್ತಲಲ್ಲಿ ಗುರಿ ನಿಲ್ಲಿಸಿದೆವು. ಅಣ್ಣ ಬಂದು ದಿಟ್ಟಿಸಿದ. "ಅತ್ತೆ, ಹೊರಗೆ ಇಣುಕ್ತಿರೋದು ನನ್ನ ಸ್ವೆಟರ್ ಅಲ್ವಾ?" "ಹೌದು. ನೀನು ಹಾಕ್ಕೊಂಡಾಗ್ಲೂ ಮೂಟೆ ಹಾಗೇ ಕಾಣ್ತಿತ್ತು." ಬಾಣಗಳು ಮೂಟೆಯನ್ನು ಬಿಟ್ಟು ಅಣ್ಣನ ಕೋಸಿನ ಪಾತಿಗೆ ಹೋಗುತ್ತಿದ್ದವು. ಆ ತಿಂಗಳು ನಾವು ತಿಂದಷ್ಟು ತೂತು ಕೋಸಿನ ಪಲ್ಯವನ್ನು ಈ ಬೆಟ್ಟದಲ್ಲಿ ಯಾರೂ ತಿಂದಿರಲಿಕ್ಕಿಲ್ಲ.

ಒಂದು ಸಂಜೆ ಮಂಜು ಇಳಿದು ಹಿತ್ತಲೇ ಮಾಯವಾಯಿತು. "ಗುರಿ ಕಾಣದೆ ಏನು ಹೊಡೀತೀಯ ಅತ್ತೆ, ಬಾ ಒಳಗೆ" ಎಂದೆ. "ಕಂಡಾಗ್ಲೂ ತಾಗಲ್ಲ, ಏನು ವ್ಯತ್ಯಾಸ?" ಎಂದು ಬಿಲ್ಲೆತ್ತಿದಳು. ಮಂಜಿನಲ್ಲಿ ಮೂಟೆ ಮಸುಕಾಗಿ ಕಾಣುತ್ತಿತ್ತು. ಯಾಕೋ ದೊಡ್ಡದಾಗಿ ಕಂಡಿತು. ಆಮೇಲೆ ಮೂಟೆ ಅಲ್ಲಾಡಿತು. ಆಮೇಲೆ ಮೂಟೆ ಬುಸ್ಸೆಂದು ಉಸಿರು ಬಿಟ್ಟಿತು! ಅತ್ತೆ ಬಿಲ್ಲು ಕೆಳಗಿಳಿಸಿ, ಕಾಟಿಯ ಮುಖ ನೋಡುತ್ತಾ ಕಂಬದಂತೆ ನಿಂತಳು. ಅದು ನೋಡುವಷ್ಟು ನೋಡಿ ಕಾಡಿನ ಕಡೆ ಹೊರಟುಹೋಯಿತು. ಎಂಥ ಧೈರ್ಯ! ನನಗೆ ಕಣ್ಣು ತುಂಬಿ ಬಂತು. "ಹೆದರಲಿಲ್ವಾ ಅತ್ತೆ?"

"ಹೆದರಿದೆ. ಓಡೋಣ ಅಂದ್ರೆ ಕಾಲು ಏಳಲಿಲ್ಲ."

ಹೀಗಿರುವಾಗ ಬೇಸಿಗೆ ಚಿಗುರು ಬಂದೇ ಬಂತು. ತೋಟವೆಲ್ಲ ಎಳೆ ಹಸಿರಾಯಿತು. ಅತ್ತೆಯ ಕೈ ಕೆನ್ನೆಯವರೆಗೆ ಬರುತ್ತಿತ್ತು, ಅಲ್ಲಿಂದ ಮುಂದೆ ಹೋಗದು. ಅವಳು ಊಟ ಕಡಿಮೆ ಮಾಡಿದಳು, ಮಾತು ಕಡಿಮೆ ಮಾಡಿದಳು. ನನ್ನ ಗಂಟನ್ನು ಬೈಯುವುದನ್ನೂ ಬಿಟ್ಟಾಗ ನನಗೆ ನಿಜಕ್ಕೂ ಭಯವಾಯಿತು. ಒಂದು ಸಂಜೆ ಅಣ್ಣ ಗುತ್ತಿಗೆಯ ಮಾತೆತ್ತಲು ಬಂದ. ಅತ್ತೆ, "ಒಂದು ಬಾಣ ಬಿಟ್ಟು ಬರ್ತೀನಿ, ಇರು" ಎಂದು ಹಿತ್ತಲಿಗೆ ಹೋದಳು. ನಾವಿಬ್ಬರೂ ಹಿಂದೆ ಹೋದೆವು.

ಹೆದೆ ಎಳೆದಳು. ಮೊಣಕೈ ನಡುಗುತ್ತಾ ಹೆಗಲಿನ ಮಟ್ಟಕ್ಕೆ ಬಂತು. ನಿಂತೇ ಇದ್ದಳು. ಆಮೇಲೆ, ಅವಳಾಗಿ ಬಿಟ್ಟಳೋ, ಅದಾಗಿ ಹೋಯಿತೋ, ಬಾಣ ಹಾರಿತು. ಅವಳ ಕೈ ಕೆನ್ನೆ ದಾಟಿ, ಕಿವಿ ದಾಟಿ, ಹೆಗಲ ಮೇಲಿಂದ ಹಿಂದಕ್ಕೆ ಹೋಗಿ, ಅಲ್ಲಿಲ್ಲದ ಬುಟ್ಟಿಯೊಳಗೆ ಬೆರಳು ಬಿಚ್ಚಿತು!

"ಛೇ, ತಪ್ಪಿತು" ಎಂದಳು ಅತ್ತೆ, ಗುರಿಯನ್ನೇ ನೋಡುತ್ತಾ.

"ಕೈ ನೋಡ್ಕೋ ಅತ್ತೆ!" ಎಂದು ಅಣ್ಣ ಕೂಗಿದ. ಬಾಣ ಎಂದಿನಂತೆ ಅವನ ಕೋಸಿಗೇ ಹೋಗಿತ್ತು, ಅವನು ಅತ್ತ ತಿರುಗಿಯೂ ನೋಡಲಿಲ್ಲ. ಗುತ್ತಿಗೆಯ ಮಾತು ಅಲ್ಲಿಗೆ ಮುಗಿಯಿತು.

ಮರುದಿನ ಬೆಳಿಗ್ಗೆ ನಾನು ಅಡುಗೆಮನೆಯಿಂದ ಇಣುಕಿದಾಗ ಅತ್ತೆ ಕನ್ನಡಿಯ ಮುಂದೆ ನಿಂತಿದ್ದಳು. ಎರಡೂ ಕೈ ತಲೆಯ ಹಿಂದೆ ಇದ್ದವು. ಬಿಳಿ ಬಟ್ಟೆಯನ್ನು ಅವಳೇ ಕಟ್ಟಿಕೊಂಡು, ಗಂಟು ಬಿಗಿದಳು. ಎಂಥ ಗಂಟು ಅಂತೀರಿ! ನೆಟ್ಟಗೆ, ಚೊಕ್ಕವಾಗಿ, ಕಿವಿ ಕಣ್ಣು ಎರಡಕ್ಕೂ ತೊಂದರೆಯಿಲ್ಲದಂತೆ. ನನಗೆ ಕುಣಿಯುವಷ್ಟು ಖುಷಿಯಾಯಿತು. ಜೊತೆಗೆ, ಯಾಕೆ ಅಂತ ಕೇಳಬೇಡಿ, ಅಳುವೂ ಬಂತು. ಇನ್ನು ನಾಳೆಯಿಂದ ಆ ಮಣೆಯ ಹಿಂದೆ ನಿಲ್ಲುವ ಕೆಲಸ ನನಗಿಲ್ಲ ಅಲ್ಲವೇ? ಅಷ್ಟರಲ್ಲಿ ಕೈಲಿದ್ದ ಚಮಚ ಜಾರಿ ಠಣ್ ಎಂದಿತು. ಬಗ್ಗಿ ಎತ್ತಿಕೊಂಡು, ಕಣ್ಣೊರೆಸಿಕೊಂಡು, ಚಹಾ ಹಿಡಿದು ಹೊರಗೆ ಬಂದೆ.

ಅತ್ತೆ ಮಣೆಯ ಮೇಲೆ ಕೂತಿದ್ದಳು. ತಲೆ ಬರಿದಾಗಿತ್ತು. ಬಿಳಿ ಬಟ್ಟೆ ಮಡಿಲಲ್ಲಿತ್ತು.

"ಕೂಸೇ, ಕಟ್ಟು ಬಾ. ನನ್ನ ಕೈ ಇನ್ನೂ ಅಷ್ಟು ಮೇಲೆ ಬರಲ್ಲ."

ನಾನು ಹಿಂದೆ ನಿಂತೆ. ಹೇಗೆ ಹೇಗೋ ಸುತ್ತಿ ಗಂಟು ಹಾಕಿದೆ. ಅತ್ತೆ ಎದ್ದು ಕನ್ನಡಿಯಲ್ಲಿ ಆಚೆ ಈಚೆ ತಿರುಗಿ ನೋಡಿಕೊಂಡು, ಬುಟ್ಟಿ ಎತ್ತಿಕೊಂಡಳು.

"ಇವತ್ತು ನೆಟ್ಟಗೆ ಕಟ್ಟಿದ್ದೀಯ" ಎಂದಳು.

ಗಂಟು ಸೊಟ್ಟಗಿತ್ತು.